ಪೊರಕೆಯ ತಂತಿಯ ನಾದ

ವಾದ್ಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಲಸಿನ ಮರದಲ್ಲಿ ಕಡೆದ ವೀಣೆ, ಇಲ್ಲವೆ ಮೀರಜಿನ ಕುಶಲಿಗಳು ಸೋರೆಬುರುಡೆಗೆ ಅಳವಡಿಸಿದ ತಂಬೂರಿ. ವಾದ್ಯವನ್ನು ಬಲ್ಲವನೊಬ್ಬ ಮಾಡಬೇಕು, ಕಲಿತವನೊಬ್ಬ ನುಡಿಸಬೇಕು, ಅದನ್ನು ಕೊಳ್ಳಲು ಕೈಯಲ್ಲಿ ಹಣವಿರಬೇಕು. ಇದು ನಾವೆಲ್ಲರೂ ಪ್ರಶ್ನಿಸದೆ ಒಪ್ಪಿಕೊಂಡಿರುವ ಸಂಗತಿ. ಈ ದಿನ ನಾನು ಹೇಳಹೊರಟಿರುವುದು ಇದಕ್ಕೆ ಹೊರತಾದ ಒಂದು ವಾದ್ಯದ ಕಥೆಯನ್ನು. ಇದನ್ನು ಮಾಡುವವರು ಎಂಟು ಹತ್ತು ವರ್ಷದ ಮಕ್ಕಳು. ಬೇಕಾದ ಸಾಮಗ್ರಿಯೆಂದರೆ ಪೊರಕೆಗೆ ಸುತ್ತಿದ ತಂತಿ, ಎರಡು ಮೊಳೆ, ಖಾಲಿಯಾದ ಔಷಧದ ಸೀಸೆ. ವೀಣೆಗೆ ಕೊಡವಿದ್ದಂತೆ ಇದಕ್ಕೂ ನಾದವನ್ನು ಹಿಗ್ಗಿಸುವ ಒಡಲೊಂದು ಬೇಕಷ್ಟೆ. ಆ ಒಡಲು ಮತ್ತಾವುದೂ ಅಲ್ಲ, ಆ ಮಗು ವಾಸಿಸುವ ಮನೆಯ ಗೋಡೆ!

ಇದು ಅಮೆರಿಕದ ದಕ್ಷಿಣ ಸೀಮೆಯ ಕಪ್ಪು ಜನರ ಬ್ಲೂಸ್ ಸಂಗೀತಕ್ಕೆ ಸಂಬಂಧಿಸಿದ ವಿಷಯ. ಮೂವತ್ತಮೂರು ವರ್ಷ ಕನ್ನಡ ಕಾವ್ಯ, ಛಂದಸ್ಸುಗಳನ್ನು ಪಾಠ ಹೇಳಿದ ನನಗೆ ಈ ವಿಷಯದಲ್ಲಿ ಮಾತನಾಡಲು ಏನು ಅಧಿಕಾರ ಎಂದು ಕೇಳುಗರು ಕೇಳಬಹುದು. ಅಧಿಕಾರವಿಲ್ಲ, ಕಾರಣಗಳು ಮಾತ್ರ ಎರಡಿವೆ. ಒಂದು, ಈ ಹಾಡುಗಳ ಪದ್ಯಬಂಧ ಛಂದಸ್ಸಿನ ವಿದ್ಯಾರ್ಥಿಯನ್ನು ಹಿಡಿದು ನಿಲ್ಲಿಸುವಂಥದು. ಇನ್ನೊಂದು ನನ್ನ ಸ್ವಂತ ಬದುಕಿಗೆ ಸೇರಿದ್ದು. ಅದನ್ನು ಕೊನೆಯಲ್ಲಿ ಅರಿಕೆಮಾಡುತ್ತೇನೆ.

ಮೊದಲಿಗೆ ಆ ನೆಲದ ಪರಿಚಯ. ಮಿಸಿಸಿಪ್ಪಿ ರಾಜ್ಯದ ವಾಯವ್ಯದಲ್ಲಿ, ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವೆ, ಹಾಳೆ ಹಾಸಿದಂತೆ ಮಟ್ಟಸವಾದ ಕರಿಮಣ್ಣಿನ ಬಯಲು ಇದೆ. ಅದನ್ನು ಡೆಲ್ಟಾ ಎನ್ನುತ್ತಾರೆ. ನದಿ ಸಮುದ್ರ ಸೇರುವ ಮುಖಜಭೂಮಿ ಇದಲ್ಲ. ಹತ್ತಿಗೆ ಹೇಳಿ ಮಾಡಿಸಿದ ಮಣ್ಣು. ೧೮೬೫ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾಯಿತು. ಆದರೆ ಬಿಡುಗಡೆ ಪಡೆದವರಿಗೆ ನೆಲ ಸಿಗಲಿಲ್ಲ. ಹಿಂದೆ ಯಾರ ಗುಲಾಮರಾಗಿದ್ದರೋ ಅಂಥವರ ಹೊಲಗಳಲ್ಲೇ ಪಾಲಿಗೆ ದುಡಿಯಬೇಕಾಯಿತು. ಬಿತ್ತನೆಯ ಬೀಜ, ಹಿಟ್ಟು, ಬಟ್ಟೆ ಎಲ್ಲವೂ ಒಡೆಯನ ಅಂಗಡಿಯಿಂದ ಸಾಲವಾಗಿ ಬರುತ್ತಿದ್ದವು. ಸುಗ್ಗಿಯಲ್ಲಿ ಲೆಕ್ಕ ನೋಡಿದರೆ ದುಡಿದವನದೇ ಬಾಕಿ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೋ ಅವರೇ ನ್ಯಾಯಾಧೀಶರು. ಮುಂಗಡ, ಬಾಕಿ, ಜೀತಗಳ ಕಥೆಯನ್ನು ಬಲ್ಲ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಹೊಲಗಳ ಕೂಗುಹಾಡುಗಳಿಂದ, ದುಡಿಮೆಯ ಪದಗಳಿಂದ, ದೇವಾಲಯದ ಕೀರ್ತನೆಗಳಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ರೂಪುಗೊಂಡ ಒಂಟಿ ದನಿಯ ಹಾಡೇ ಬ್ಲೂಸ್. ಆ ಮಾತಿಗೆ ಇಂಗ್ಲಿಷಿನಲ್ಲಿ ಮನಸ್ಸಿನ ಮಂಕು, ಖಿನ್ನತೆ ಎಂಬ ಅರ್ಥ. ಕನ್ನಡದಲ್ಲಿ 'ಅಳಲು' ಎಂದರೆ ಹತ್ತಿರವಾದೀತು. ಆದರೆ ಇದು ಬರಿಯ ಅಳುವಲ್ಲ. ಅಳಲನ್ನು ತಾಳಕ್ಕೆ ಕಟ್ಟಿ, ಅದಕ್ಕೊಂದು ಕುಚೋದ್ಯದ ತಿರುವು ಕೊಟ್ಟು, ಕೇಳುವವರನ್ನು ಕುಣಿಸುವ ಹಾಡು.

ಈ ಸಂಗೀತವನ್ನು ಸ್ವರಪ್ರಸ್ತಾರ ಹಾಕಿ ಅಚ್ಚಿಗೆ ತಂದವರಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ಮುಖ್ಯರು. ೧೯೧೪ರಲ್ಲಿ ಅವರು ಪ್ರಕಟಿಸಿದ 'ಸೇಂಟ್ ಲೂಯಿಸ್ ಬ್ಲೂಸ್' ಲೋಕಪ್ರಸಿದ್ಧವಾಯಿತು. ೧೯೪೧ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಅವರು ಒಂದು ರಾತ್ರಿಯ ಅನುಭವವನ್ನು ಬರೆದಿದ್ದಾರೆ. ಸುಮಾರು ೧೯೦೩ರ ಮಾತು. ಡೆಲ್ಟಾದ ಟಟ್‌ವೈಲರ್ ಎಂಬ ಚಿಕ್ಕ ಊರಿನ ರೈಲುನಿಲ್ದಾಣದಲ್ಲಿ, ತಡವಾಗಿದ್ದ ಬಂಡಿಗಾಗಿ ಕಾಯುತ್ತ ಅವರು ತೂಕಡಿಸುತ್ತಿದ್ದರು. ಹರಕು ಬಟ್ಟೆಯ, ಬಡಕಲು ಮೈಯ ಕಪ್ಪು ಮನುಷ್ಯನೊಬ್ಬ ಪಕ್ಕದಲ್ಲಿ ಕುಳಿತು ಗಿಟಾರನ್ನು ನುಡಿಸತೊಡಗಿದ. ಬೆರಳಿನಿಂದ ತಂತಿಯನ್ನು ಒತ್ತುವ ಬದಲು ಒಂದು ಚಾಕುವನ್ನು ತಂತಿಯ ಮೇಲೆ ಜಾರಿಸುತ್ತಿದ್ದ. ಎರಡು ರೈಲುದಾರಿಗಳು ಸೇರುವ ಕಡೆಗೆ ತಾನು ಹೊರಟಿದ್ದೇನೆಂಬ ಒಂದೇ ಮಾತನ್ನು ಮೂರು ಬಾರಿ ಹಾಡಿದ. ಪ್ರತಿ ಬಾರಿಯೂ ತಂತಿ ಅವನಿಗೆ ಮಾರುತ್ತರ ಕೊಟ್ಟಿತು. ವಾದ್ಯವೃಂದಗಳನ್ನು ನಡೆಸಿ ಹೆಸರಾಗಿದ್ದ ಹ್ಯಾಂಡಿಗೆ ಅಂಥ ವಿಲಕ್ಷಣ ಸಂಗೀತವನ್ನು ಹಿಂದೆ ಕೇಳಿದ ನೆನಪಿರಲಿಲ್ಲ.

ಆ ಚಾಕುವಿನ ಜಾಡನ್ನು ಹಿಡಿದು ಹಿಂದಕ್ಕೆ ಹೋದರೆ ನಾವು ಮುಟ್ಟುವುದು ಆಗಲೇ ಹೇಳಿದ ಗೋಡೆಯನ್ನು. ಅಲ್ಲಿನ ಪೊರಕೆಗಳನ್ನು ಒಂದು ಬಗೆಯ ಜೋಳದ ತೆನೆಕಡ್ಡಿಗಳಿಂದ ಕಟ್ಟುತ್ತಾರೆ. ಕಡ್ಡಿಗಳು ಕದಲದಂತೆ ಗಟ್ಟಿ ತಂತಿಯನ್ನು ಬಿಗಿಯಾಗಿ ಸುತ್ತಿರುತ್ತಾರೆ. ಪೊರಕೆ ಸವೆದ ಮೇಲೆ ಮಕ್ಕಳು ಆ ತಂತಿಯನ್ನು ಬಿಚ್ಚಿ ತೆಗೆದುಕೊಳ್ಳುತ್ತಿದ್ದರು. (ಸವೆಯುವ ಮೊದಲೇ ಬಿಚ್ಚಿ ತಾಯಿಯ ಕೈಯಲ್ಲಿ ಏಟು ತಿಂದವರೂ ಇದ್ದಾರು!) ಹಲಗೆಯ ಗೋಡೆಗೆ ಎರಡು ಮೊಳೆ ಹೊಡೆದು ಅವುಗಳ ನಡುವೆ ತಂತಿಯನ್ನು ಬಿಗಿಯುವುದು, ಎರಡು ತುದಿಗಳಲ್ಲೂ ತಂತಿಯ ಕೆಳಗೆ ಒಂದು ಸೀಸೆಯನ್ನೋ ಕಲ್ಲನ್ನೋ ತುರುಕುವುದು. ತಂತಿ ಗೋಡೆಯಿಂದ ಮೇಲೆದ್ದು ಇನ್ನಷ್ಟು ಬಿಗಿಯಾಗುತ್ತದೆ. ಅದರ ಕಂಪನ ಸೀಸೆಯ ಮೂಲಕ ಹಲಗೆಗೆ ಇಳಿದು ಇಡೀ ಗೋಡೆ ಮೊರೆಯುತ್ತದೆ. ಒಂದು ಕೈಯ ಬೆರಳಿನಿಂದಲೋ ಕಡ್ಡಿಯಿಂದಲೋ ತಂತಿಯನ್ನು ಮೀಟುತ್ತ, ಇನ್ನೊಂದು ಕೈಯಲ್ಲಿ ಹಿಡಿದ ಸೀಸೆಯನ್ನು ತಂತಿಯ ಮೇಲೆ ಜಾರಿಸಿದರೆ ಹಾಡು ಹೊರಡುತ್ತದೆ. ಇದಕ್ಕೆ ಡಿಡ್ಲಿ ಬೋ ಎಂದು ಹೆಸರು. ಜಿಟರ್‌ಬಗ್ ಎಂದೂ ಕೆಲವೆಡೆ ಕರೆಯುತ್ತಿದ್ದರು. ಮುಂದೆ ಗಿಟಾರಿನಲ್ಲಿ ಸಾಟಿಯಿಲ್ಲದ ಹೆಸರು ಮಾಡಿದ ಬಿ. ಬಿ. ಕಿಂಗ್, ಎಲ್ಮೋರ್ ಜೇಮ್ಸ್ ಅವರಿಗೆ ಬಾಲ್ಯದಲ್ಲಿ ಅಕ್ಷರಾಭ್ಯಾಸವಾದದ್ದು ಇಂಥ ಒಂಟಿ ತಂತಿಯಲ್ಲಿ. ಲೂಯಿಸಿಯಾನಾದಲ್ಲಿ ಹುಟ್ಟಿದ ಬಡಿ ಗೈ ಕಿಟಕಿಯ ಜಾಲರಿಯಿಂದ ತಂತಿ ಕಿತ್ತು ತಮ್ಮ ಮೊದಲ ವಾದ್ಯವನ್ನು ಮಾಡಿಕೊಂಡರು.

ಇದು ಕೇವಲ ಮಕ್ಕಳ ಆಟವೆನ್ನಬಹುದೆ? ಹಾಗಲ್ಲ. ಡೇವಿಡ್ ಇವಾನ್ಸ್ ಎಂಬ ವಿದ್ವಾಂಸರು ೧೯೭೦ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಈ ಒಂಟಿ ತಂತಿಯ ವಾದ್ಯದ ಬೇರನ್ನು ಆಫ್ರಿಕದ ಏಕತಂತಿ ವಾದ್ಯಗಳಲ್ಲಿ ಗುರುತಿಸಿದರು. ಹಡಗಿನ ತಳದಲ್ಲಿ ಸರಪಳಿ ತೊಟ್ಟು ಬಂದವರು ವಾದ್ಯಗಳನ್ನು ತರುವುದು ಹೇಗೆ? ವಾದ್ಯವನ್ನು ಮಾಡುವ ಬಗೆಯ ನೆನಪನ್ನು ತಂದರು. ನೆಲ ಮುಟ್ಟಿದ ಮೇಲೂ ತೊಡಕುಗಳಿದ್ದವು. ೧೭೩೯ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಗುಲಾಮರು ದಂಗೆಯೆದ್ದರು. ಮರುವರ್ಷವೇ ಅಲ್ಲಿನ ಶಾಸನ ಅವರು ಡೋಲು, ಕಹಳೆಗಳನ್ನು ಬಳಸುವುದನ್ನು ನಿಷೇಧಿಸಿತು. ಡೋಲಿನ ಸದ್ದು ಒಂದು ಹೊಲದಿಂದ ಮತ್ತೊಂದು ಹೊಲಕ್ಕೆ ಸುದ್ದಿ ಮುಟ್ಟಿಸೀತೆಂಬ ಭಯ. ಡೋಲನ್ನು ಕಸಿದುಕೊಳ್ಳಬಹುದು, ಆದರೆ ಪೊರಕೆಯನ್ನೂ ಬಟ್ಟೆ ಒಗೆಯುವ ಹಲಗೆಯನ್ನೂ ನೀರಿನ ಬಾನಿಯನ್ನೂ ನಿಷೇಧಿಸುವುದು ಯಾವ ಅರಸನಿಗೆ ಸಾಧ್ಯ?

ಈಗ ಸ್ವಲ್ಪ ಲೆಕ್ಕಕ್ಕೆ ಬರೋಣ. ಸೀಸೆಯಿಂದ ಸೀಸೆಗೆ ತಂತಿಯ ಉದ್ದ ೨೪ ಅಂಗುಲ ಇದೆಯೆಂದು ಇಟ್ಟುಕೊಳ್ಳಿ. ಬಿಡಿ ತಂತಿಯನ್ನು ಮೀಟಿದಾಗ ಬರುವುದು ಷಡ್ಜ. ತಂತಿಯ ಬಿಗಿತ, ದಪ್ಪಗಳು ಬದಲಾಗದಿದ್ದರೆ ಶ್ರುತಿ ಉದ್ದವನ್ನೇ ಅವಲಂಬಿಸುತ್ತದೆ. ಸರಿಯಾಗಿ ನಡುವೆ, ೧೨ ಅಂಗುಲದಲ್ಲಿ, ಸೀಸೆಯನ್ನು ಮುಟ್ಟಿಸಿದರೆ ಮೇಲಿನ ಷಡ್ಜ. ಒಂದು ತುದಿಯಿಂದ ೮ ಅಂಗುಲ ಬಂದು ಮುಟ್ಟಿಸಿ, ಉಳಿದ ೧೬ ಅಂಗುಲವನ್ನು ಮೀಟಿದರೆ ಪಂಚಮ. ೬ ಅಂಗುಲದಲ್ಲಿ ಮುಟ್ಟಿಸಿದರೆ ಮಧ್ಯಮ. ೪ ಅಂಗುಲದಲ್ಲಿ ಸಾಧಾರಣ ಗಾಂಧಾರ. ಅದಕ್ಕಿಂತ ಮುಕ್ಕಾಲು ಅಂಗುಲದಷ್ಟು ಮುಂದೆ ಹೋದರೆ ಅಂತರ ಗಾಂಧಾರ. ಪಿಯಾನೋದಲ್ಲಿ ಇವೆರಡೂ ಬೇರೆ ಬೇರೆ ಮನೆಗಳು, ನಡುವೆ ಮತ್ತೊಂದಿಲ್ಲ. ಆದರೆ ಬ್ಲೂಸ್ ಗಾಯಕನ ಗಾಂಧಾರ ನೆಲೆಸುವುದು ಈ ಎರಡರ ನಡುವೆ. ಅಲ್ಲಿ ನಿಲ್ಲದೆ ಓಲಾಡುತ್ತ, ಏರಲೋ ಇಳಿಯಲೋ ಎಂದು ಅನುಮಾನಿಸುತ್ತ ಇರುತ್ತದೆ. ನಿಷಾದದ ಪಾಡೂ ಹೀಗೆಯೆ. ಪಾಶ್ಚಾತ್ಯ ಶಾಸ್ತ್ರಜ್ಞರು ಇದನ್ನು 'ಬ್ಲೂ ನೋಟ್' ಎಂದು ಕರೆದಿದ್ದಾರೆ. ಗಮಕದ ಪರಿಚಯವಿರುವ ನಮ್ಮ ಕಿವಿಗೆ ಇದು ಅಪರಿಚಿತವೆನಿಸದು. ಗೋಟುವಾದ್ಯದಲ್ಲಿ ಮೆಟ್ಟಿಲುಗಳಿಲ್ಲದ ದಂಡಿಯ ಮೇಲೆ ಮರದ ಕೊರಡನ್ನು ಜಾರಿಸುವಾಗ ಆಗುವುದೂ ಇದೇ ತಾನೆ? ಒಂದು ಇನ್ನೊಂದರಿಂದ ಬಂದಿತೆಂದು ನಾನು ಹೇಳುತ್ತಿಲ್ಲ. ತಂತಿಯ ಧರ್ಮ ಎಲ್ಲಿಯಾದರೂ ಒಂದೇ ಎಂದಷ್ಟೇ ಹೇಳುತ್ತಿದ್ದೇನೆ. ಆ ಜನರ ದುಃಖವನ್ನೂ ಹಾಸ್ಯವನ್ನೂ ಹೊತ್ತ ಸ್ವರ ವಾಸಿಸುವುದು ಗೋಡೆಯ ಮೇಲಿನ ಮುಕ್ಕಾಲು ಅಂಗುಲದಲ್ಲಿ. ಅಂಗಡಿಯ ದುಬಾರಿ ವಾದ್ಯದಲ್ಲಿ ಆ ಜಾಗಕ್ಕೆ ಮನೆಯಿಲ್ಲ, ಪೊರಕೆಯ ತಂತಿಯಲ್ಲಿ ಇದೆ.

ಇನ್ನು ಪದ್ಯಬಂಧ. ಬ್ಲೂಸಿನ ಹೆಚ್ಚು ಪ್ರಚಲಿತವಾದ ನುಡಿಯಲ್ಲಿ ಮೂರು ಸಾಲುಗಳು. ಮೊದಲ ಸಾಲನ್ನು ಹಾಡಿ, ಅದನ್ನೇ ಹೆಚ್ಚು ಕಡಿಮೆ ಹಾಗೆಯೇ ಮತ್ತೊಮ್ಮೆ ಹಾಡಿ, ಮೂರನೆಯದರಲ್ಲಿ ಪ್ರಾಸವಿಟ್ಟು ಉತ್ತರ ಹೇಳುವುದು ಕ್ರಮ. ಒಂದೊಂದು ಸಾಲಿಗೆ ನಾಲ್ಕು ಎಣಿಕೆಯ ನಾಲ್ಕು ಘಟಕಗಳು, ಒಟ್ಟು ಹನ್ನೆರಡು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ೪೮ ಅಕ್ಷರಕಾಲ, ಆದಿತಾಳದ ಆರು ಆವರ್ತ. ಮೊದಲ ನಾಲ್ಕು ಘಟಕಗಳಲ್ಲಿ ಷಡ್ಜ ಆಧಾರವಾಗಿರುತ್ತದೆ. ಸಾಲು ಮರಳಿ ಬಂದಾಗ ಆಧಾರ ಎರಡು ಘಟಕ ಮಧ್ಯಮಕ್ಕೆ ಹೋಗಿ ಷಡ್ಜಕ್ಕೆ ಹಿಂತಿರುಗುತ್ತದೆ. ಮೂರನೆಯ ಸಾಲಿನಲ್ಲಿ ಪಂಚಮವನ್ನು ಮುಟ್ಟಿ, ಮಧ್ಯಮಕ್ಕೆ ಇಳಿದು, ಮತ್ತೆ ಷಡ್ಜದಲ್ಲಿ ವಿಶ್ರಾಂತಿ. ಮಾತು ಅದೇ, ಆದರೆ ಕಾಲ ಕೆಳಗಿನ ನೆಲ ಬೇರೆ. ಆದ್ದರಿಂದ ಎರಡನೆಯ ಬಾರಿ ಕೇಳಿದಾಗ ಅದೇ ಮಾತು ಬೇರೆಯಾಗಿ ಕೇಳಿಸುತ್ತದೆ.

ಈ ಮೂರು ಸಾಲುಗಳನ್ನು ಕಂಡಾಗ ಕನ್ನಡಿಗನಿಗೆ ತ್ರಿಪದಿಯ ನೆನಪಾಗದೆ ಇರದು. ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಹೆಂಗಸರು ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಎತ್ತಿಕೊಂಡು ಮೂರನೆಯದಕ್ಕೆ ಸಾಗುತ್ತಾರೆ. ಬರೆದಾಗ ಮೂರಾದದ್ದು ಹಾಡಿದಾಗ ನಾಲ್ಕು ಸಾಲಾಗುತ್ತದೆ. ಈ ಎರಡು ಜನಾಂಗಗಳಿಗೆ ಕೊಳು ಕೊಡುಗೆಯೇನೂ ಇರಲಿಲ್ಲ. ಆದರೂ ಪುನರುಕ್ತಿಯ ಪ್ರಯೋಜನ ಎರಡೂ ಕಡೆ ಒಂದೇ. ಹಾಡನ್ನು ಆ ಕ್ಷಣದಲ್ಲಿ ಕಟ್ಟುತ್ತಿರುವವರಿಗೆ ಮುಂದಿನ ಸಾಲು ಹೊಳೆಯುವ ತನಕ ಬಿಡುವು ಬೇಕು. ಕೈ ದುಡಿಯುತ್ತಿರುವಾಗ ಬಾಯಿಗೆ ಆ ಬಿಡುವನ್ನು ಕೊಡುವುದು ಮರುನುಡಿ.

ಬ್ಲೂಸಿನಲ್ಲಿ ಇನ್ನೊಂದು ವಿಶೇಷವಿದೆ. ಪ್ರತಿ ಸಾಲಿಗೆ ಮೀಸಲಾದ ಕಾಲದಲ್ಲಿ ಹಾಡುವ ದನಿ ಸುಮಾರು ಅರ್ಧವನ್ನು ಮಾತ್ರ ತುಂಬುತ್ತದೆ. ಉಳಿದ ಅರ್ಧ ವಾದ್ಯದ ಪಾಲು. ಹೊಲದಲ್ಲಿ ಒಬ್ಬ ಕೂಗಿದರೆ ಹಲವರು ಓಗೊಡುತ್ತಿದ್ದರಷ್ಟೆ. ಒಬ್ಬನೇ ಕುಳಿತು ಹಾಡುವಾಗ ಓಗೊಡುವವರು ಯಾರು? ತಂತಿ. ಆದುದರಿಂದಲೇ ಇಲ್ಲಿ ವಾದ್ಯವನ್ನು ಪಕ್ಕವಾದ್ಯವೆನ್ನುವುದು ಸರಿಯಾಗದು. ಅದು ಹಾಡುಗಾರನ ಎರಡನೆಯ ಗಂಟಲು. ಮನುಷ್ಯರಂತೆ ನರಳಲು, ನಗಲು, ಮಾತನ್ನು ಅರ್ಧಕ್ಕೆ ನಿಲ್ಲಿಸಲು ಅದಕ್ಕೆ ಬರಬೇಕು. ತಂತಿಯ ಮೇಲೆ ಜಾರುವ ವಸ್ತು ಈ ಕೆಲಸವನ್ನು ಮಾಡುತ್ತದೆ. ಒಡೆದ ಸೀಸೆಯ ಕೊರಳನ್ನು ಉಜ್ಜಿ ನುಣುಪುಮಾಡಿ ಬೆರಳಿಗೆ ತೊಟ್ಟವರುಂಟು. ೧೯೫೯ರಲ್ಲಿ ಅಲನ್ ಲೋಮಾಕ್ಸ್ ಅವರು ಮಿಸಿಸಿಪ್ಪಿಯ ಕೋಮೋ ಎಂಬಲ್ಲಿ ಧ್ವನಿಮುದ್ರಿಸಿಕೊಂಡ ಫ್ರೆಡ್ ಮ್ಯಾಕ್‌ಡೊವೆಲ್, ಒಂದು ಕಾಲದಲ್ಲಿ ದನದ ಮೂಳೆಯನ್ನು ಜಾರಿಸುತ್ತಿದ್ದವರು.

ಗೋಡೆಯ ತಂತಿಗೆ ಒಂದು ಕೊರತೆ, ಅದನ್ನು ಹೊತ್ತುಕೊಂಡು ಹೋಗುವಂತಿಲ್ಲ. ಅದನ್ನು ನೀಗಿದ್ದು ಸಿಗಾರ್ ಪೆಟ್ಟಿಗೆ. ಸಿಗಾರ್ ಎಂದರೆ ನಮ್ಮ ಚುಟ್ಟದ ದೊಡ್ಡಣ್ಣ. ೧೮೬೦ರ ದಶಕದಲ್ಲಿ ಅಮೆರಿಕದ ತೆರಿಗೆ ಕಾನೂನಿನಂತೆ ಇವುಗಳನ್ನು ಸುಂಕದ ಚೀಟಿ ಅಂಟಿಸಿದ ಪೆಟ್ಟಿಗೆಗಳಲ್ಲಿ ಮಾರಬೇಕಾಯಿತು. ತೆಳುವಾದ, ಸುಗಂಧದ ಮರದ ಆ ಪೆಟ್ಟಿಗೆಗಳು ಖಾಲಿಯಾದ ಮೇಲೆ ಬೀದಿಬೀದಿಯಲ್ಲಿ ಬಿದ್ದಿರುತ್ತಿದ್ದವು. ತೆಳು ಹಲಗೆ ಒಳ್ಳೆಯ ನಾದವನ್ನು ಕೊಡುತ್ತದೆಂದು ಯಾರಿಗೋ ಹೊಳೆಯಿತು. ಅಂತರ್ಯುದ್ಧದ ಶಿಬಿರದಲ್ಲಿ ಸಿಪಾಯಿಯೊಬ್ಬ ಸಿಗಾರ್ ಪೆಟ್ಟಿಗೆಯ ಪಿಟೀಲು ನುಡಿಸುವ ಚಿತ್ರವನ್ನು ಎಡ್ವಿನ್ ಫೋರ್ಬ್ಸ್ ಎಂಬ ಕಲಾವಿದ ೧೮೭೬ರಲ್ಲಿ ಪ್ರಕಟಿಸಿದ್ದಾನೆ. ಪೆಟ್ಟಿಗೆಗೆ ಒಂದು ಕೋಲನ್ನು ಹಾಯಿಸಿ, ಮೂರು ತಂತಿ ಬಿಗಿದರೆ ಗಿಟಾರಿನ ಬಡ ತಂಗಿ ಸಿದ್ಧ. ಇಂದಿಗೂ ಇದನ್ನು ಮಾಡುವವರು ತಂತಿಗಳನ್ನು ಹೆಚ್ಚಾಗಿ ಷಡ್ಜ, ಪಂಚಮ, ಮೇಲಿನ ಷಡ್ಜಗಳಿಗೆ ಶ್ರುತಿ ಮಾಡುತ್ತಾರೆ. ಗಾಂಧಾರವನ್ನು ಬೇಕೆಂದೇ ಬಿಟ್ಟಿರುವುದರಿಂದ ಅದನ್ನು ಹಾಡುಗಾರನ ಗಂಟಲು ತನಗೆ ಬೇಕಾದಂತೆ ತುಂಬಿಕೊಳ್ಳಬಹುದು. ಟೆಕ್ಸಾಸಿನ ಲೈಟ್ನಿನ್ ಹಾಪ್ಕಿನ್ಸ್, ಬ್ಲೈಂಡ್ ವಿಲಿ ಜಾನ್ಸನ್ ಇಬ್ಬರ ಕೈಯಲ್ಲೂ ಮೊದಲು ಕುಳಿತದ್ದು ಇಂಥ ಪೆಟ್ಟಿಗೆಯೇ.

ಇವುಗಳ ಜೊತೆಗೆ ಅಡಿಗೆಮನೆ, ಬಚ್ಚಲುಮನೆಗಳೂ ಸೇರಿಕೊಂಡು ದೊಡ್ಡ ಮೇಳವೇ ಆಯಿತು. ತಗಡಿನ ಬಾನಿಯನ್ನು ಬೋರಲು ಹಾಕಿ, ತಳದ ನಡುವೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಪೊರಕೆಯ ಕೋಲಿಗೆ ಬಿಗಿದು, ಕೋಲನ್ನು ಬಾನಿಯ ಅಂಚಿಗೆ ಊರಿ ಹಿಂದಕ್ಕೆಳೆದರೆ ಹಗ್ಗ ಬಿಗಿಯಾಗಿ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಇದು ಮಂದ್ರದ ವಾದ್ಯ. ಬಟ್ಟೆ ಉಜ್ಜುವ ಏಣುಗೆರೆಗಳ ತಗಡನ್ನು ಹೊಲಿಗೆಯ ಅಂಗುಸ್ತಾನ ತೊಟ್ಟ ಬೆರಳುಗಳಿಂದ ಗೀರಿದರೆ ಲಯ. ಮದ್ಯ ತುಂಬುವ ಮಣ್ಣಿನ ಹೂಜಿಯ ಬಾಯಿಗೆ ತುಟಿಗಳನ್ನು ಅದುರಿಸುತ್ತ ಊದಿದರೆ ಕಹಳೆಯ ಘರ್ಜನೆ. ಮೆಂಫಿಸ್ ನಗರದಲ್ಲಿ ಇಂಥ ಹೂಜಿಮೇಳಗಳು ಹೆಸರಾಗಿದ್ದವು. ವಿಲ್ ಶೇಡ್ ಅವರ ಮೆಂಫಿಸ್ ಜಗ್ ಬ್ಯಾಂಡ್ ೧೯೨೭ರಿಂದ ಧ್ವನಿಮುದ್ರಣ ಮಾಡತೊಡಗಿತು. ಅಲ್ಲಿಯವರೇ ಆದ ಗಸ್ ಕ್ಯಾನನ್, ಹುಡುಗನಾಗಿದ್ದಾಗ ಬಾಣಲೆಗೆ ರಕೂನ್ ಎಂಬ ಪ್ರಾಣಿಯ ತೊಗಲು ಹೊದಿಸಿ ತಮ್ಮ ಮೊದಲ ಬ್ಯಾಂಜೋವನ್ನು ಮಾಡಿಕೊಂಡವರು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳ ಬಗ್ಗೆ ಎಚ್ಚರಿಕೆ ಹೇಳಬೇಕು. ಬಡತನವೇ ಈ ಸಂಗೀತವನ್ನು ಹುಟ್ಟಿಸಿತು, ಆದ್ದರಿಂದ ಬಡತನ ಕಲೆಗೆ ಒಳ್ಳೆಯದು ಎಂಬ ಮಾತು ಹೊಟ್ಟೆ ತುಂಬಿದವರ ಬಾಯಲ್ಲಿ ಸುಲಭವಾಗಿ ಬರುತ್ತದೆ. ಇದು ಮೊದಲನೆಯ ತಪ್ಪು. ಪೊರಕೆಯ ತಂತಿಯಲ್ಲಿ ಕಲಿತ ಹುಡುಗರು ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ನಿಜವಾದ ಗಿಟಾರನ್ನು ಕೊಂಡರು. ಸೀಸೆ, ತಂತಿಗಳ ಮೇಲಿನ ವ್ಯಾಮೋಹದಿಂದ ಯಾರೂ ಗೋಡೆಯ ಬಳಿ ನಿಲ್ಲಲಿಲ್ಲ. ಗಸ್ ಕ್ಯಾನನ್ ೧೯೨೯ರಲ್ಲಿ ಧ್ವನಿಮುದ್ರಿಸಿದ 'ವಾಕ್ ರೈಟ್ ಇನ್' ಎಂಬ ಹಾಡನ್ನು ಬೇರೊಂದು ತಂಡದವರು ಹಾಡಿ, ೧೯೬೩ರಲ್ಲಿ ಅದು ಅಮೆರಿಕದಲ್ಲೆಲ್ಲ ಅಗ್ರಸ್ಥಾನಕ್ಕೇರಿತು. ಅದಕ್ಕೆ ಸ್ವಲ್ಪ ಮೊದಲು, ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಖರ್ಚಿಗಾಗಿ ಆ ವೃದ್ಧರು ತಮ್ಮ ಬ್ಯಾಂಜೋವನ್ನು ಒತ್ತೆಯಿಟ್ಟಿದ್ದರು. ಇದರಲ್ಲಿ ಹಾಡಿಹೊಗಳುವಂಥದು ಏನಿದೆ?

ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದದ್ದು. ಇವು ವಾದ್ಯಗಳೇ ಅಲ್ಲ, ವಾದ್ಯವಿಲ್ಲದವರ ಆಟಿಕೆಗಳು ಎಂಬ ಭಾವನೆ. ಗೋಡೆಯ ತಂತಿ ಕಲಿಸಿದ್ದನ್ನು ಆ ಹುಡುಗರು ಅಂಗಡಿಯ ಗಿಟಾರಿಗೆ ಹೊತ್ತು ತಂದರು. ಗಿಟಾರಿನ ಮೆಟ್ಟಿಲುಗಳನ್ನು ಲೆಕ್ಕಿಸದೆ ಸ್ವರಗಳ ನಡುವೆ ಜಾರುವ ವಿದ್ಯೆ, ವಾದ್ಯದಿಂದ ಮಾತನಾಡಿಸುವ ವಿದ್ಯೆ ಅಲ್ಲಿಂದ ಬಂದದ್ದು. ಮಿಸಿಸಿಪ್ಪಿಯ ಲಾನಿ ಪಿಚ್‌ಫರ್ಡ್ (೧೯೫೫-೧೯೯೮) ಗಿಟಾರಿನಲ್ಲಿ ನಿಪುಣರಾಗಿದ್ದರೂ ಡಿಡ್ಲಿ ಬೋವನ್ನು ವೇದಿಕೆಯ ಮೇಲೆ ಗೌರವದಿಂದ ನುಡಿಸಿದರು; ಅವರ ಸಮಾಧಿಯ ಕಲ್ಲಿಗೂ ಒಂದು ತಂತಿಯನ್ನು ಬಿಗಿದಿದ್ದಾರೆ.

ನಮ್ಮ ಮನೆಗಳಲ್ಲಿ ಇದನ್ನು ಮಾಡಿನೋಡಬೇಕೆಂಬ ಕುತೂಹಲವುಳ್ಳವರಿಗೆ ಒಂದೆರಡು ಮಾತು. ಮೂರು ಅಡಿ ಉದ್ದದ ಒಣ ಹಲಗೆ ಸಾಕು. ಕಂಬಿ ಕಟ್ಟುವ ಮೆದು ತಂತಿಯಾಗಲಿ ವಿದ್ಯುತ್ತಿನ ತಾಮ್ರದ ತಂತಿಯಾಗಲಿ ಹಿಗ್ಗಿ ಶ್ರುತಿ ಕಳೆದುಕೊಳ್ಳುತ್ತದೆ. ಗಿಟಾರಿನ ಉಕ್ಕಿನ ತಂತಿಯೊಂದು ಅಗ್ಗವಾಗಿಯೇ ಸಿಗುತ್ತದೆ. ಸೀಸೆಯಿಂದ ತಂತಿಯನ್ನು ಹಲಗೆಗೆ ಒತ್ತಬಾರದು, ಮುಟ್ಟಿಸಿದರೆ ಸಾಕು. ಬಿಗಿಯುವಾಗ ಮುಖವನ್ನು ತಂತಿಯ ಹತ್ತಿರ ತರಬೇಡಿ. ಅದು ಹರಿದರೆ ಕಣ್ಣಿಗೆ ಅಪಾಯ. ಮಕ್ಕಳು ಮಾಡುವಾಗ ಹಿರಿಯರು ಪಕ್ಕದಲ್ಲಿರಲಿ.

ಹಿರಿಯರು ಪಕ್ಕದಲ್ಲಿರಲಿ ಎಂಬ ಮಾತನ್ನು ಹೇಳುವಾಗ ನನ್ನ ನಾಲಗೆ ಸ್ವಲ್ಪ ತಡವರಿಸುತ್ತದೆ. ಈಗ ಆ ಅರಿಕೆ. ಆಗಲೇ ಹೇಳಿದ ಹ್ಯಾಂಡಿಯವರು ಹುಡುಗರಾಗಿದ್ದಾಗ ಬಹಳ ದಿನ ಹಣ ಕೂಡಿಟ್ಟು ಒಂದು ಗಿಟಾರನ್ನು ಕೊಂಡು ತಂದರಂತೆ. ತಂದೆ ಪಾದ್ರಿ. ಇದು ಸೈತಾನನ ಆಟಿಕೆಯೆಂದು ಸಿಡಿಮಿಡಿಗೊಂಡು, ಅಂಗಡಿಗೆ ಹಿಂತಿರುಗಿಸಿ ಬದಲಿಗೆ ನಿಘಂಟನ್ನು ತರುವಂತೆ ಆಜ್ಞೆ ಮಾಡಿದರು. ನಿಘಂಟು ಬಂತು. ಇದನ್ನು ಮೊದಲ ಬಾರಿ ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಸುಮ್ಮನೆ ಕುಳಿತೆ.

೨೦೦೦ನೆಯ ಇಸವಿಯಲ್ಲಿ, ಶಿವಮೊಗ್ಗದ ನಮ್ಮ ಮನೆಯಲ್ಲಿ, ಹನ್ನೆರಡು ವರ್ಷದ ನನ್ನ ಮಗ ಎಣ್ಣೆಯ ತಗಡಿನ ಡಬ್ಬಕ್ಕೆ ಒಂದು ರೀಪರನ್ನು ಸಿಕ್ಕಿಸಿ, ಸೈಕಲ್ಲಿನ ಬ್ರೇಕ್ ತಂತಿಯ ಎಳೆ ಬಿಡಿಸಿ ಕಟ್ಟಿ, ವಾರಗಟ್ಟಲೆ ಟೊಂಯ್ ಟೊಂಯ್ ಎನಿಸುತ್ತಿದ್ದ. ಪರೀಕ್ಷೆ ಹತ್ತಿರವಾಗಿತ್ತು. ನಾನು ಪಂಪನ ಕುರಿತ ಉಪನ್ಯಾಸವೊಂದನ್ನು ಬರೆಯುತ್ತಿದ್ದೆ. ಒಂದು ಸಂಜೆ ಎದ್ದುಹೋಗಿ ಅದನ್ನು ಅವನ ಕೈಯಿಂದ ಕಿತ್ತು, ಗುಜರಿಯವನ ಗಾಡಿಗೆ ಹಾಕಿದೆ. ನಿಘಂಟನ್ನೇನೂ ಕೊಡಲಿಲ್ಲ, ಮನೆ ತುಂಬ ಅವೇ ಇದ್ದವು. ಅವನು ಅಳಲಿಲ್ಲ, ಪುಸ್ತಕ ತೆರೆದು ಕುಳಿತ. ಆಜ್ಞಾಧಾರಕ ಮಗನೆಂದು ನಾನು ಸಂತೋಷಪಟ್ಟೆ. ಅಳುವುದಕ್ಕೂ ಸುಮ್ಮನಾಗುವುದಕ್ಕೂ ನಡುವೆ ಇರುವ ಸ್ವರವನ್ನು ಕೇಳಿಸಿಕೊಳ್ಳುವ ಕಿವಿ ನನಗಿರಲಿಲ್ಲ.

ಈಗ ಅವನು ಮೆಂಫಿಸ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ೨೦೨೩ರಲ್ಲಿ ನಾವು ದಂಪತಿಗಳು ಅಲ್ಲಿಗೆ ಹೋದಾಗ, ಅರುವತ್ತೊಂದನೆಯ ಹೆದ್ದಾರಿಯಲ್ಲಿ ಹತ್ತಿಯ ಬಯಲಿನ ನಡುವೆ ನಮ್ಮನ್ನು ಕ್ಲಾರ್ಕ್ಸ್‌ಡೇಲ್ ಊರಿಗೆ ಕರೆದೊಯ್ದ. ಅಲ್ಲಿ ಹಳೆಯ ರೈಲುಗೋದಾಮಿನಲ್ಲಿ ಬ್ಲೂಸ್ ವಸ್ತುಸಂಗ್ರಹಾಲಯವಿದೆ. ಮಡ್ಡಿ ವಾಟರ್ಸ್ ವಾಸಿಸುತ್ತಿದ್ದ ಮರದ ಗುಡಿಸಲಿನ ಉಳಿದ ಭಾಗವನ್ನು ತಂದು ಇಟ್ಟಿದ್ದಾರೆ. ಆ ಒರಟು ಹಲಗೆಗಳ ಮುಂದೆ ಅವನು ಬಹಳ ಹೊತ್ತು ನಿಂತ. ಮನೆಗೆ ಮರಳಿದ ಮೇಲೆ ಹಿತ್ತಿಲ ಶೆಡ್ಡಿನ ಗೋಡೆಯಲ್ಲಿ ಎರಡು ಮೊಳೆಗಳ ನಡುವೆ ಬಿಗಿದ ತಂತಿಯನ್ನು ಕಂಡೆ. ಏಳು ವರ್ಷದ ಮೊಮ್ಮಗಳು ಕೆಮ್ಮಿನ ಔಷಧದ ಸೀಸೆ ಹಿಡಿದು ಅದನ್ನು ನರಳಿಸುತ್ತಿದ್ದಳು. ನನ್ನನ್ನು ಕಂಡು, "ಅಜ್ಜ, ಅಪ್ಪ ಚಿಕ್ಕವನಾಗಿದ್ದಾಗಲೂ ಇಂಥದ್ದು ಮಾಡಿದ್ನಂತೆ. ಅದು ಎಲ್ಲಿದೆ?" ಎಂದು ಕೇಳಿದಳು.

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಮಗು ನನ್ನ ಮುಖವನ್ನೇ ನೋಡಿತು. ಹಿಂದೆ ನಿಂತಿದ್ದ ಮಗ, "ಬಿಡಿ ಅಪ್ಪ, ಅದರಲ್ಲಿ ಶ್ರುತಿ ನಿಲ್ತಾನೇ ಇರಲಿಲ್ಲ" ಎಂದ. ಕ್ಷಮಿಸುವ ಮಾತೋ, ವಾದ್ಯದ ವಿಮರ್ಶೆಯೋ, ನಾನು ಬಿಡಿಸಿ ಕೇಳಲಿಲ್ಲ. ಮಗು ಸೀಸೆಯನ್ನು ನನ್ನ ಕೈಗೆ ಕೊಟ್ಟಿತು. ನಾಲ್ಕು ಅಂಗುಲದಿಂದ ಮುಕ್ಕಾಲು ಅಂಗುಲ ಮುಂದಕ್ಕೆ ಜಾರಿಸುವುದು ಹೇಗೆಂದು ಕಲಿತದ್ದು ಆಗಲೇ.

ಕೊನೆಯದಾಗಿ ಒಂದು ಸಂಗತಿ. ಐದು ವರ್ಷದವನಾಗಿದ್ದಾಗ ತಂದೆ ಮಾಡಿಕೊಟ್ಟ ಸಿಗಾರ್ ಪೆಟ್ಟಿಗೆಯಲ್ಲಿ ಕಲಿತ ಬ್ಲೈಂಡ್ ವಿಲಿ ಜಾನ್ಸನ್ ಕಣ್ಣಿಲ್ಲದವನು. ಬೀದಿಯಲ್ಲಿ ಹಾಡಿ ಬದುಕಿದವನು. ೧೯೪೫ರಲ್ಲಿ, ಮನೆ ಬೆಂಕಿಗೆ ತುತ್ತಾದ ಮೇಲೆ, ಜ್ವರ ಬಂದು ಬಡತನದಲ್ಲೇ ತೀರಿಕೊಂಡ. ೧೯೨೭ರಲ್ಲಿ ಅವನು ಮಾತುಗಳಿಲ್ಲದೆ ಬರಿಯ ಗುನುಗಿನಿಂದಲೂ ಜಾರುವ ತಂತಿಯಿಂದಲೂ ಕಟ್ಟಿದ ಒಂದು ಗೀತೆಯನ್ನು, ೧೯೭೭ರಲ್ಲಿ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಭೂಮಿಯ ಪರವಾಗಿ ಬಂಗಾರದ ಲೇಪದ ತಟ್ಟೆಯಲ್ಲಿ ಕಳುಹಿಸಿದ್ದಾರೆ. ಅದೇ ತಟ್ಟೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ. ೨೦೧೨ರಲ್ಲಿ ಮೊದಲ ನೌಕೆ ಸೂರ್ಯನ ಪ್ರಭಾವವಲಯವನ್ನು ದಾಟಿ ತಾರೆಗಳ ನಡುವಿನ ಬಯಲನ್ನು ಹೊಕ್ಕಿತು. ಆ ಮಗುವಿನ ತಂದೆ ಪೆಟ್ಟಿಗೆಯನ್ನು ಮಾಡಿಕೊಟ್ಟ, ಕಿತ್ತುಕೊಳ್ಳಲಿಲ್ಲ. ನಮ್ಮ ಮನೆಯ ಯಾವುದಾದರೂ ಮೂಲೆಯಲ್ಲಿ ಒಂದು ಮಗು ಡಬ್ಬಕ್ಕೆ ತಂತಿ ಕಟ್ಟುತ್ತಿದ್ದರೆ, ಕೇಳುಗರೆ, ಕೈಲಾದರೆ ಒಂದು ಮೊಳೆ ಹೊಡೆದುಕೊಡೋಣ.